ನಾಲ್ಕು ಕುರ್ಚಿಗಳ ಒಂದೇ ಬಿಸಿಲು

"ಸಹಿ ಎಲ್ಲಿ, ಅಮ್ಮ?" ಎಂದು ಹರಾಜುಮನೆಯ ಪರೀಕ್ಷಕ ಕೇಳಿದ.

ಕುರ್ಚಿಗಳಿಗೆ ಹಗ್ಗ ಹಾಕುವ ಹೆಣಿಗೆಯವಳು ಓದಿ ಮುಗಿಸಿದ ಕಾಗದವನ್ನು ಎರಡಾಗಿ ಮಡಿಸಿದಳು, ನಾಲ್ಕಾಗಿ ಮಡಿಸಿದಳು, ಎಂಟಾಗಿ ಮಡಿಸಿದಳು. ಆಮೇಲೆ ಬಗ್ಗಿ, ತನಗೆ ಕೂರಲೆಂದು ಕೊಟ್ಟಿದ್ದ ಮರದ ಸ್ಟೂಲಿನ ಗಿಡ್ಡಗಾಲಿನ ಅಡಿಗೆ ಅದನ್ನು ತಳ್ಳಿದಳು. ಅಷ್ಟು ಹೊತ್ತೂ ಕುಂಟುತ್ತಿದ್ದ ಸ್ಟೂಲು ನೆಟ್ಟಗೆ ನಿಂತಿತು.

"ಸ್ಟೂಲಿಗೆ ಬೇಕಾಗಿತ್ತು, ಕೊಟ್ಟೆ. ನನಗೆ ಬೇಡ," ಎಂದಳು.

ಆ ಕಾಗದದ ಒಕ್ಕಣೆ ಬಹು ವಿನಯದ್ದು. ದುರಸ್ತಿಗೆಂದು ತನ್ನ ವಶಕ್ಕೆ ಬಂದ ಎರಡು ಎಲೆಕುರ್ಚಿಗಳನ್ನು ನಲವತ್ತು ದಿನ ಇಟ್ಟುಕೊಂಡು, ಅಸಲನ್ನು ಬಚ್ಚಿಟ್ಟು ನಕಲನ್ನು ಹಿಂದಿರುಗಿಸಿದ್ದಾಗಿ ಅವಳು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಪೊಲೀಸರಿಗೆ ದೂರು ಹೋಗುವುದಿಲ್ಲ. ಒಪ್ಪದಿದ್ದರೆ ಸಂಜೆಯೊಳಗೆ ಹೋಗುತ್ತದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಉಪಾಯ. ಆದರೆ ಸಹಿ ಬಿದ್ದ ಮರುದಿನವೇ ಅವಳ ಹೆಸರು ಹರಾಜುಮನೆಗಳು ತಮ್ಮೊಳಗೆ ಹಂಚಿಕೊಳ್ಳುವ ಒಂದು ಪಟ್ಟಿಗೆ ಸೇರುತ್ತದೆ. ಆ ಪಟ್ಟಿಯಲ್ಲಿ ಹೆಸರಿರುವವರ ಕೈಗೆ ಯಾವ ಸಂಗ್ರಾಹಕನೂ ಒಂದು ಹಳೆಯ ಕುರ್ಚಿಯನ್ನು ಮುಟ್ಟಲು ಕೊಡುವುದಿಲ್ಲ. ಅಪ್ಪ ಕಟ್ಟಿ, ಅಣ್ಣತಂಗಿಯರ ಕೈಗೆ ಒಪ್ಪಿಸಿ ಹೋದ ಕಾರ್ಯಾಗಾರ ಅಂದಿಗೆ ಮುಗಿಯಿತು. ಹಣೆಯ ಮೇಲೆ ಬರೆದದ್ದನ್ನು ದೈವ ಎಂದಾದರೂ ಕರುಣೆಯಿಂದ ಅಳಿಸೀತು; ಇಂಥ ಪಟ್ಟಿಯಲ್ಲಿ ಬರೆದದ್ದನ್ನು ಅಳಿಸುವವರಿಲ್ಲ.

"ಪುಟ್ಟಿ," ಎಂದು ಹಿಂದಿನಿಂದ ಅಣ್ಣ ತಗ್ಗಿದ ದನಿಯಲ್ಲಿ ಕರೆದ. ಅವನು ಕಬ್ಬಿಣ ಬೆಸೆಯುವವನು. ತಂಗಿಯ ಹತ್ಯಾರಗಳ ಪೆಟ್ಟಿಗೆಯನ್ನು ಹೊತ್ತು ಜೊತೆಗೆ ಬಂದಿದ್ದ. "ಹಠ ಯಾಕೆ? ಹಾಕಿಬಿಡು. ಗೇಟು, ಕಿಟಕಿ ಏನಾದ್ರೂ ಮಾಡ್ಕೊಂಡು ಬದುಕೋಣ. ಕೈಯಲ್ಲಿ ಕಸುಬಿದೆ."

"ನಿನ್ನ ಕೈಯಲ್ಲಿ ಕಬ್ಬಿಣ ಇದೆ. ನನ್ನ ಕೈಯಲ್ಲಿರೋದು ಹಗ್ಗ. ಹಗ್ಗದಲ್ಲಿ ಗೇಟು ಹೆಣೀಲಾ?"

"ಜೈಲಿಗಿಂತ ವಾಸಿ ಅಲ್ವಾ?"

"ಜೈಲು ಕದ್ದವರಿಗೆ. ನಾನು ಕದ್ದಿದೀನಾ?"

ಅಣ್ಣ ಪೆಟ್ಟಿಗೆಯನ್ನು ಬಲಗೈಯಿಂದ ಎಡಗೈಗೆ ಬದಲಾಯಿಸಿಕೊಂಡ.

ಅವರು ನಿಂತಿದ್ದದ್ದು ಆಕಾಶಕ್ಕೆ ತೆರೆದ ಕಲ್ಲುಹಾಸಿನ ಅಂಗಳದಲ್ಲಿ. ಮೂರು ಕಡೆ ಎರಡಾಳೆತ್ತರದ ಗೋಡೆ. ಪಡುವಣ ದಿಕ್ಕಿಗೆ ಮಾತ್ರ ಮೊಳಕಾಲೆತ್ತರದ ಕಟ್ಟೆ. ಮನೆಯೊಳಗೆ ಹೋಗಲು ಒಂದೇ ಬಾಗಿಲು. ನಡುವೆ ದುಂಡಗಿನ ಕಲ್ಲುಮೇಜು, ಅದರ ಸುತ್ತ ಆರು ಕುರ್ಚಿ.

ಎಪ್ಪತ್ತು ವರ್ಷಗಳ ಹಿಂದೆ ಒಬ್ಬ ವಿನ್ಯಾಸಕಾರ ತೋಟಗಳಿಗೆಂದೇ ಕಲ್ಪಿಸಿದ ಕುರ್ಚಿಗಳವು. ಕಿರುಬೆರಳಿನಷ್ಟು ದಪ್ಪದ ಕಂಬಿ ತೋಳಾಗಿ ಬಾಗಿ, ಕಾಲಾಗಿ ಇಳಿದು, ಬೆನ್ನಾಗಿ ಏರಿ, ಗಾಳಿಗೆ ಮಗುಚಿದ ಎಲೆಯ ಆಕಾರ ತಾಳುತ್ತದೆ. ಎಲೆಯ ನರಗಳ ಹಾಗೆ ಹತ್ತಿಹಗ್ಗದ ಹೆಣಿಗೆ. ಕಂಬಿಗೆ ಸಮುದ್ರದ ಹಸಿರು ಬಣ್ಣ. ಹನ್ನೆರಡು ಮಾಡಿದ ಮೇಲೆ ಅವನು ಹದಿಮೂರನೆಯದಕ್ಕೆ ಕೈ ಹಾಕಲಿಲ್ಲ. ಬಿಸಿಲಿಗೂ ಮಳೆಗೂ ಆಹುತಿಯಾಗಲೆಂದೇ ಹುಟ್ಟಿದ ವಸ್ತು ಅಷ್ಟು ಕಾಲ ಉಳಿಯುವುದೇ ಸೋಜಿಗ. ಅವುಗಳಲ್ಲಿ ಆರು ಒಂದೇ ಅಂಗಳಕ್ಕೆ ಬಂದು ಸೇರುವುದು ಮನುಷ್ಯಪ್ರಯತ್ನಕ್ಕೆ ಮೀರಿದ್ದು ಎಂದೇ ಆ ವಲಯದವರು ಹೇಳುತ್ತಿದ್ದರು.

ಪ್ರಯತ್ನ ಮಾಡಿದವನು ಈ ಮನೆಯ ಯಜಮಾನ. ಮೂವತ್ತು ವರ್ಷ ಅವನು ಈ ಆರರ ಹಿಂದೆ ಅಲೆದಿದ್ದ. ಒಂದು ಈಜುಕೊಳದ ಕಾವಲುಗಾರನ ಕೋಣೆಯಲ್ಲಿ ಸಿಕ್ಕಿತು, ಒಂದು ಮುಚ್ಚಿಹೋದ ಶಾಲೆಯ ಹಿತ್ತಲಲ್ಲಿ. ಮೂರನೆಯದು ಪಾಳುಬಿದ್ದ ಹೋಟೆಲೊಂದರ ಮಾಳಿಗೆಯ ಮೇಲೆ ಪಾರಿವಾಳದ ಗೂಡಿಗೆ ಆಧಾರವಾಗಿ ನಿಂತಿತ್ತು. ಅದನ್ನು ಬಾಡಿಗೆಗಾಡಿಯ ಹಿಂದಿನ ಸೀಟಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಎರಡು ದಿನ ಪಯಣಿಸಿ ತಂದವನು ಅವನು. ತಂದು, ಅಂಗಳದ ನೆಲದಲ್ಲಿ ಒಂದೊಂದು ಕಾಲಿಗೂ ಹಿತ್ತಾಳೆಯ ಬಿಲ್ಲೆ ಹುಗಿಸಿ, ಒಂದರಿಂದ ಆರರವರೆಗೆ ಅಂಕಿ ಕೆತ್ತಿಸಿದ. ಅಂದಿನಿಂದ ಇಪ್ಪತ್ತು ವರ್ಷ ಒಂದನೆಯದರ ಜಾಗದಲ್ಲಿ ಎರಡನೆಯದು ನಿಂತದ್ದಿಲ್ಲ. ಗುಡಿಸುವವರು ಕುರ್ಚಿಯನ್ನು ಬಿಲ್ಲೆಯಿಂದ ಎಳ್ಳಷ್ಟು ಸರಿಸಿದರೂ ಮನೆಯಲ್ಲಿ ಅಂದು ಗುಡುಗು.

"ನಮ್ಮನೆ ಒಳಗೆ ಕೂರೋಕೆ ಒಂದು ಒಳ್ಳೆ ಕುರ್ಚಿ ಇಲ್ಲ," ಎಂದು ಬಾಗಿಲ ಬಳಿ ನಿಂತಿದ್ದ ಅವನ ಅಕ್ಕ ಹೇಳಿದಳು. ಆಕೆಯನ್ನು ಎಲ್ಲರೂ ಕರೆಯುತ್ತಿದ್ದದ್ದು ದೊಡ್ಡಕ್ಕ ಎಂದು. "ಹೊರಗೆ ಆರಿವೆ. ಅದರಲ್ಲಿ ಕೂರಬಾರದು. ಬಂದವರಿಗೆ ಕುಂಟು ಸ್ಟೂಲು."

"ಅಕ್ಕಾ, ಸಾಕು," ಎಂದ ಯಜಮಾನ.

ಮೂರು ದಿನಗಳ ಹಿಂದೆ ಹರಾಜುಮನೆಯಿಂದ ಬಂದ ಈ ಪರೀಕ್ಷಕ, ಬಿಳಿಯ ಕೈಗವಸು ತೊಟ್ಟು, ಆರನ್ನೂ ತೂಗಿ ಅಳೆದು, ಒಂದು ಮತ್ತು ಐದನೆಯ ಕುರ್ಚಿಗಳು ನಕಲಿ ಎಂದು ತೀರ್ಪು ಕೊಟ್ಟಿದ್ದ. ಹಗ್ಗ ಹೊಸದಾಗಿ ಹೆಣೆಯಲು ಅವಳ ಬಳಿಗೆ ಹೋಗಿ ಬಂದವು ಆ ಎರಡೇ.

"ಕಾಗದಕ್ಕೆ ಮರ್ಯಾದೆ ಕೊಡದಿದ್ರೂ ಲೆಕ್ಕಕ್ಕೆ ಕೊಡಿ," ಎಂದ ಪರೀಕ್ಷಕ. ಅವನ ಮಾತಿನಲ್ಲಿ ಒರಟುತನವಿರಲಿಲ್ಲ. ನೂರಾರು ಸಲ ಕೆಟ್ಟ ಸುದ್ದಿ ಹೇಳಿದ ವೈದ್ಯನ ನಯವಿತ್ತು. "ಎರಡು, ಮೂರು, ನಾಲ್ಕು, ಆರು. ಈ ನಾಲ್ಕೂ ಕುರ್ಚಿ ಒಂದೇ ತೂಕ. ಒಂದೇ ಎತ್ತರ. ತೋಳಿನ ಬಾಗು ಒಂದೇ. ನಿಮ್ಮ ಹತ್ರ ಹೋಗಿ ಬಂದ ಎರಡು ಮಾತ್ರ ಬೇರೆ. ಒಂದು ಅರ್ಧ ಬೆರಳು ಗಿಡ್ಡ, ಇನ್ನೊಂದರ ತೂಕ ಕಡಿಮೆ. ನಾಲ್ಕು ಸಾಕ್ಷಿ ಒಂದು ಮಾತು ಹೇಳ್ತಿವೆ, ಎರಡು ಸಾಕ್ಷಿ ಒಂದೊಂದು ಮಾತು ಹೇಳ್ತಿವೆ. ನೀವಾದ್ರೆ ಯಾರನ್ನ ನಂಬ್ತೀರಿ?"

"ನಾಲ್ಕು ಜನ ಅಕ್ಷರ ಬಿಡದೆ ಒಂದೇ ಮಾತು ಹೇಳಿದ್ರೆ, ಯಾರೋ ಬಾಯಿಪಾಠ ಮಾಡ್ಸಿದಾರೆ ಅಂತ ತಿಳ್ಕೋತೀನಿ," ಎಂದಳು ಹೆಣಿಗೆಯವಳು.

ದೊಡ್ಡಕ್ಕ ಮೂಗಿನಲ್ಲೇ ನಕ್ಕಳು. ಯಜಮಾನ ನಗಲಿಲ್ಲ.

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬುದು ಹಿರಿಯರ ಮಾತು. ಕಣ್ಣಿಗೆ ಕಂಡದ್ದು ಒಂದು, ಕಂಡದ್ದರಿಂದ ಊಹಿಸಬೇಕಾದದ್ದು ಇನ್ನೊಂದು. ಎರಡರ ನಡುವೆ ಬುದ್ಧಿ ಒಂದು ಸೇತುವೆ ಕಟ್ಟಬೇಕು. ಪರೀಕ್ಷಕ ಕಂಡದ್ದರಲ್ಲಿ ತಪ್ಪಿರಲಿಲ್ಲ. ಅವನು ಕಟ್ಟಿದ ಸೇತುವೆ ಮಾತ್ರ ಬೇರೆ ದಡಕ್ಕೆ ಹೋಗಿತ್ತು.

ಅವಳು ಎದ್ದು ಮೇಜನ್ನು ಒಂದು ಸುತ್ತು ಬಂದಳು. ಕುರ್ಚಿಗಳನ್ನು ಮುಟ್ಟಲಿಲ್ಲ. ಮಧ್ಯಾಹ್ನ ತಿರುಗಿ, ಪಡುವಣ ಕಟ್ಟೆಯ ಮೇಲಿಂದ ಬಿಸಿಲು ಓರೆಯಾಗಿ ಅಂಗಳಕ್ಕೆ ಇಳಿಯುತ್ತಿತ್ತು. ಎರಡನೆಯ ಸುತ್ತಿಗೆ ಅವಳ ನಡಿಗೆ ನಿಧಾನವಾಯಿತು. ಮೂರನೆಯ ಸುತ್ತಿಗೆ ನಿಂತೇಬಿಟ್ಟಳು.

"ಯಜಮಾನ್ರೇ, ಬೆಳಗಿನ ಬಿಸಿಲು ಈ ಅಂಗಳಕ್ಕೆ ಬರುತ್ತಾ?"

"ಇಲ್ಲ. ಗೋಡೆ ಅಡ್ಡ. ಮಧ್ಯಾಹ್ನದ ಮೇಲೆ, ಕಟ್ಟೆ ಕಡೆಯಿಂದ ಮಾತ್ರ."

"ಇಪ್ಪತ್ತು ವರ್ಷದಲ್ಲಿ ಕುರ್ಚಿಗಳನ್ನ ಯಾವತ್ತಾದ್ರೂ ಅದಲು ಬದಲು ಮಾಡಿದ್ರಾ?"

"ನನ್ನನ್ನ ಏನಂದ್ಕೊಂಡಿದೀಯಮ್ಮ?" ಅವನ ದನಿಯಲ್ಲಿ ನೋವಿತ್ತು. "ಕುರ್ಚಿ ಹೋದ್ರೆ ಅದರ ಬಿಲ್ಲೆಗೇ ವಾಪಸ್ ಬರಬೇಕು. ಅದು ಈ ಮನೆ ಕಟ್ಟಳೆ."

"ಆ ಮಾತು ನೆನಪಿರಲಿ. ಈಗ ನೀವು ಎರಡನೇ ಕುರ್ಚಿ ಹಿಂದೆ ನಿಂತ್ಕೊಳ್ಳಿ, ಮೇಜಿನ ಕಡೆ ಮುಖ ಮಾಡಿ. ದೊಡ್ಡಕ್ಕ, ನೀವು ಎದುರುಗಡೆ, ಆರನೇದರ ಹಿಂದೆ. ಸಾಹೇಬ್ರು ನಾಲ್ಕನೇದಕ್ಕೆ."

"ಇದೇನು, ಆಟ ಆಡಿಸ್ತೀರಾ?" ಎಂದ ಪರೀಕ್ಷಕ.

"ಕಾಗದ ಓದಿಸಿದ್ರಲ್ಲ, ಅದಕ್ಕೆ ಇದು. ಒಂದು ನಿಮಿಷ ನಿಲ್ಲಿ."

ದೊಡ್ಡಕ್ಕ ಆಗಲೇ ಹೋಗಿ ನಿಂತಿದ್ದಳು. ಅಕ್ಕ ನಿಂತ ಮೇಲೆ ತಮ್ಮನೂ ನಿಂತ. ಕೊನೆಗೆ ಪರೀಕ್ಷಕನೂ ನಿಲ್ಲಲೇಬೇಕಾಯಿತು.

"ಎಲ್ಲರೂ ಎರಡೂ ತೋಳು ಮುಂದಕ್ಕೆ ಚಾಚಿ, ಕುರ್ಚಿ ತೋಳಿನ ಹಾಗೆ. ಯಜಮಾನ್ರೇ, ಬಿಸಿಲು ನಿಮಗೆ ಎಲ್ಲಿ ಬೀಳ್ತಿದೆ?"

"ಬಲತೋಳಿಗೆ."

"ದೊಡ್ಡಕ್ಕ?"

"ನನಗೆ ಎಡಗಡೆ ಸುಡ್ತಿದೆ. ಬೇಗ ಕೇಳಿ ಮುಗಿಸು, ತಾಯಿ."

"ಸಾಹೇಬ್ರಿಗೆ?"

ಪರೀಕ್ಷಕ ಬಿಸಿಲಿಗೆ ನೇರ ಎದುರಾಗಿ ನಿಂತಿದ್ದ. ಕಣ್ಣು ಕಿರಿದುಮಾಡಿ, "ಮುಖಕ್ಕೆ," ಎಂದ. ಹೇಳುತ್ತ ಹೇಳುತ್ತ ಅವನ ತೋಳುಗಳು ತಾವಾಗಿಯೇ ಕೆಳಗಿಳಿದವು. ಅವನು ದಡ್ಡನಲ್ಲ.

"ಈಗ ನಿಮ್ಮ ನಿಮ್ಮ ಮುಂದಿರೋ ಕುರ್ಚಿ ನೋಡಿ. ಬಣ್ಣ ಎಲ್ಲಿ ಮಾಸಿದೆ?"

ಎರಡನೆಯ ಕುರ್ಚಿಯ ಹಸಿರು ಬಲತೋಳಿನ ಮೇಲೆ ಬಿಳಿಚಿಕೊಂಡು, ನೀರು ಬೆರೆಸಿದ ಹಾಲಿನಂತಾಗಿತ್ತು. ಸರಿಯೇ. ಆರನೆಯದರಲ್ಲೂ ಮಾಸಿದ್ದು ಬಲತೋಳು. ಬಿಸಿಲು ಎಂದೂ ಮುಟ್ಟದ, ಗೋಡೆಯ ಕಡೆಯ ತೋಳು. ನಾಲ್ಕನೆಯದರಲ್ಲೂ ಬಲತೋಳು. ಮೂರನೆಯದರಲ್ಲೂ ಬಲತೋಳು.

ಒಂದನೆಯ ಕುರ್ಚಿ ಇಪ್ಪತ್ತು ವರ್ಷ ಬಿಸಿಲಿಗೆ ಬೆನ್ನು ಕೊಟ್ಟು ನಿಂತದ್ದು; ಅದರ ಬೆನ್ನು ಮಾಸಿತ್ತು. ಐದನೆಯದು ದೊಡ್ಡಕ್ಕ ನಿಂತ ಸಾಲಿನದು. ಅದರ ಎಡತೋಳು ಮಾಸಿತ್ತು.

"ನಾನು ಹಗ್ಗ ಬದಲಾಯಿಸ್ತೀನಿ, ಬಣ್ಣ ಮುಟ್ಟಲ್ಲ," ಎಂದಳು ಅವಳು. "ನೀವು ನಕಲಿ ಅಂದ ಎರಡೂ ತಾವು ನಿಂತಿದ್ದ ಜಾಗದ ಬಿಸಿಲು ಹೊತ್ಕೊಂಡಿವೆ. ನೀವು ಅಸಲಿ ಅಂದ ನಾಲ್ಕೂ ಯಾವುದೋ ಒಂದೇ ಕುರ್ಚಿ ಬಿಸಿಲನ್ನ ಹಂಚ್ಕೊಂಡಿವೆ. ನಕಲು ಮಾಡಿದವನಿಗೆ ಮಾದರಿಗೆ ಸಿಕ್ಕಿದ್ದು ಒಂದು ಕುರ್ಚಿ ಮಾತ್ರ. ಬಣ್ಣ ಮಾಸಿದ್ದನ್ನೂ ಬಿಡದೆ ಶ್ರದ್ಧೆಯಿಂದ ನಾಲ್ಕಕ್ಕೂ ಇಳಿಸಿದಾನೆ. ಈ ಅಂಗಳ ನೋಡಿದ್ದಿದ್ರೆ ಹಾಗೆ ಮಾಡ್ತಿರಲಿಲ್ಲ."

ಯಜಮಾನ ಎರಡನೆಯದರಿಂದ ಮೂರನೆಯದಕ್ಕೆ ನಡೆದು, ಅದರ ಬೆನ್ನಿನ ಮೇಲೆ ಅಂಗೈ ಊರಿದ. ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗಿತ್ತು ಅದು.

"ಇದರಲ್ಲಿ ಸರಿಯಾಗೇ ಇದೆಯಲ್ಲ," ಎಂದ. "ಮೂರನೇದಕ್ಕೂ ಬಲಗಡೆಯೇ ಬಿಸಿಲು. ಎರಡು, ಮೂರು ಎರಡೂ ಸರಿ ಇವೆ. ತಪ್ಪಿರೋದು ನಾಲ್ಕು, ಆರು."

ಪರೀಕ್ಷಕ ಆ ಎಳೆಯನ್ನು ಗಟ್ಟಿಯಾಗಿ ಹಿಡಿದುಕೊಂಡ. "ಅದನ್ನೇ ನಾನೂ ಹೇಳೋಣ ಅಂತಿದ್ದೆ. ಬಿಸಿಲಿನ ಸಾಕ್ಷಿ ಅರ್ಧ ನಿಮ್ಮ ಕಡೆ, ಅರ್ಧ ನನ್ನ ಕಡೆ."

"ನಾಲ್ಕೂ ಒಂದೇ ತೂಕ ಅಂದವರು ಯಾರು, ಸರ್?"

"ನಾನೇ."

"ಒಂದೇ ಎತ್ತರ, ಒಂದೇ ಬಾಗು?"

ಅವನು ತಲೆಯಾಡಿಸಿದ.

"ಹಾಗಾದ್ರೆ ನಾಲ್ಕೂ ಒಂದೇ ತಾಯಿ ಮಕ್ಕಳು. ಎರಡು ಸುಳ್ಳಾದ್ರೆ ನಾಲ್ಕೂ ಸುಳ್ಳು. ಆ ಕಾಲದಲ್ಲಿ ಕಂಬೀನ ಮೊಣಕಾಲಿಗೆ ಒತ್ತಿಟ್ಟು ಕೈಯಲ್ಲೇ ಬಗ್ಗಿಸ್ತಿದ್ರು. ಕೈಯಲ್ಲಿ ಬಗ್ಗಿಸಿದ ಎರಡು ಕುರ್ಚಿ ಒಂದೇ ಥರ ಬರಲ್ಲ. ಒಂದು ಗಿಡ್ಡ, ಒಂದು ಹಗುರ. ಒಂದೇ ಥರ ಬರಬೇಕಾದ್ರೆ ಅಚ್ಚು ಮಾಡಿ, ಅಚ್ಚಿನೊಳಗೆ ಬಗ್ಗಿಸಬೇಕು. ನಾಲ್ಕು ಸರಿ ಇವೆ ಅನ್ನೋಕೆ ನೀವು ಕೊಟ್ಟ ಕಾರಣಾನೇ ಅವು ಸರಿ ಇಲ್ಲ ಅನ್ನೋಕೆ ನನ್ನ ಕಾರಣ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ," ಎಂದಳು ದೊಡ್ಡಕ್ಕ. "ಮೂರು ದಿನದಿಂದ ನಾವು ಅದನ್ನೇ ಮಾಡ್ತಿದ್ವಿ."

ಪರೀಕ್ಷಕ ಕೈಗವಸನ್ನು ಬೆರಳು ಬೆರಳಾಗಿ ಸರಿಪಡಿಸಿಕೊಂಡ. "ನಾಲ್ಕೂ ಬದಲಾಗೋಕೆ ನಾಲ್ಕೂ ಹೊರಗೆ ಹೋಗಿರಬೇಕಲ್ಲ."

"ಹೋಗಿವೆ," ಎಂದ ಯಜಮಾನ. ಯಾರೂ ಕೇಳದಿದ್ದರೂ ಮಾತು ತಾನಾಗಿ ಹೊರಬಂತು. "ಹೋದ ವರ್ಷ ನಿಮ್ಮ ಹರಾಜುಮನೆ ಪ್ರದರ್ಶನಕ್ಕೆ. ಮೂರು ತಿಂಗಳು. ಹಗ್ಗ ಹರಿದಿದ್ದ ಎರಡು ಮಾತ್ರ ಇಲ್ಲೇ ಉಳಿದವು. ಕಳಿಸೋ ಕಾಗದಕ್ಕೆ ನಾನೇ ಸಹಿ ಹಾಕಿದ್ದೆ. ಪೆಟ್ಟಿಗೆಗೆ ತುಂಬ್ಸಿದ್ದು ನೀವು, ಸರ್. ವಾಪಸ್ ಬಂದಾಗ ನಾನು ಊರಲ್ಲಿರಲಿಲ್ಲ, ಇಳಿಸ್ಕೊಂಡಿದ್ದು ಅಕ್ಕ."

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಇಷ್ಟು ಹೊತ್ತು ಒಂದೇ ದಿಕ್ಕಿಗೆ ಹರಿಯುತ್ತಿದ್ದ ಸಂಶಯ ಈಗ ಮೂರು ಕವಲಾಯಿತು.

"ಇದೆಲ್ಲ ತರ್ಕ," ಎಂದ ಪರೀಕ್ಷಕ ಕೊನೆಗೆ. "ನನ್ನ ವರದಿ ತಿದ್ದೋಕೆ ತರ್ಕ ಸಾಲದು. ಕಬ್ಬಿಣ ತೋರಿಸಿ."

"ತೋರಿಸ್ತೀನಿ. ಆಸನದ ಕೆಳಗೆ ನಾಲ್ಕು ಕಂಬಿ ಸೇರೋ ಜಾಗಕ್ಕೆ ಹಗ್ಗ ಸುತ್ತಿರ್ತಾರೆ. ಅದರೊಳಗೆ ಬೆಸುಗೆ ಇದೆ. ಅಲ್ಲಿಗೆ ಯಾರ ಕಣ್ಣೂ ಹೋಗಲ್ಲ ಅಂತ ನಕಲಿಗಾರ ಉಜ್ಜೋ ಗೋಜಿಗೆ ಹೋಗಿರಲ್ಲ. ಹಗ್ಗ ಕತ್ತರಿಸ್ತೀನಿ."

"ಹಳೆ ಹಗ್ಗ ಅದು," ಎಂದ ಯಜಮಾನ. "ಅಸಲಿ ಆಗಿದ್ರೆ ಮತ್ತೆ ಹುಟ್ಟಲ್ಲ."

"ಅಸಲಿ ಆಗಿದ್ರೆ ಸ್ಟೂಲ್ ಕೆಳಗಿಂದ ಆ ಕಾಗದ ತೆಗೆದು ಇಲ್ಲೇ ಸಹಿ ಹಾಕ್ತೀನಿ. ಪೊಲೀಸರನ್ನೂ ನೀವು ಕರೀಬಹುದು. ಆರನೇದನ್ನ ಕೊಡಿ."

"ಆರನೇದು ಬೇಡ," ಎಂದ ಪರೀಕ್ಷಕ. "ಅದರ ಬಗ್ಗೆ ನಿಮಗೆ ಬಿಸಿಲೇ ಸಾಕ್ಷಿ ಹೇಳಿದೆ. ಧೈರ್ಯ ಇದ್ರೆ ಮೂರನೇದನ್ನ ಕತ್ತರಿಸಿ."

ಯಜಮಾನ ಮೂರನೆಯ ಕುರ್ಚಿಯ ಬೆನ್ನಿನ ಮೇಲಿಂದ ಕೈ ತೆಗೆಯಲಿಲ್ಲ.

"ಬೇಡ, ಪುಟ್ಟಿ." ಅಣ್ಣನ ದನಿ ಈ ಸಲ ತಗ್ಗಿರಲಿಲ್ಲ. ಅವನು ಪೆಟ್ಟಿಗೆಯನ್ನು ಬೆನ್ನ ಹಿಂದಕ್ಕೆ ಸರಿಸಿ ನಿಂತಿದ್ದ. "ಇಷ್ಟು ಹೇಳಿದ್ದು ಸಾಕು. ಅವರೇ ಯೋಚ್ನೆ ಮಾಡ್ಲಿ. ನಾವು ಮನೆಗೆ ಹೋಗೋಣ."

"ಮನೆಗೆ ಹೋಗಿ ಏನು ಮಾಡೋಣ? ಅಪ್ಪನ ಬೋರ್ಡು ಇಳಿಸೋಣ್ವಾ?"

"ಅಪ್ಪನ ಹೆಸರು ಎತ್ತಬೇಡ."

"ಬೆಳಗಿಂದ ನನ್ನ ಹೆಸರಿಗೆ ಮಸಿ ಬಳೀತಿದಾರೆ, ಅದು ಅಪ್ಪ ಇಟ್ಟ ಹೆಸರೇ. ಕತ್ತರಿ ಕೊಡು."

ಅವನು ಕೊಡಲಿಲ್ಲ. ಅವಳೇ ಹೋಗಿ, ಅವನನ್ನು ಸುತ್ತಿ ಬಂದು, ಪೆಟ್ಟಿಗೆಯ ಮುಚ್ಚಳ ತೆಗೆದು ಕತ್ತರಿಯನ್ನೆತ್ತಿಕೊಂಡಳು. ಚಿಕ್ಕಂದಿನಲ್ಲಿ ಅವನ ಜೇಬಿನಿಂದ ಗೋಲಿಗಳನ್ನು ತೆಗೆದುಕೊಳ್ಳುತ್ತಿದ್ದದ್ದೂ ಹೀಗೆಯೇ; ಅವನು ಗದರುತ್ತಿದ್ದ, ತಡೆಯುತ್ತಿರಲಿಲ್ಲ.

"ಕಂಬಿ ಸಂದೀಲಿ ಕತ್ತಲಿರುತ್ತೆ. ಟಾರ್ಚು ನೀನು ಹಿಡ್ಕೋ," ಎಂದಳು. "ಇನ್ನೊಂದು ಮಾತು, ಸರ್. ಬೆಸುಗೆ ಅಂದ್ರೆ ಕೈಬರಹ ಇದ್ದ ಹಾಗೆ. ಈ ಸುತ್ತಮುತ್ತ ಇಷ್ಟು ಸಣ್ಣ ಕಂಬಿ ಬೆಸೆಯೋರು ಹನ್ನೊಂದು ಜನ. ಹನ್ನೊಂದು ಜನರ ಬೆಸುಗೆ ಮೇಲೂ ನಾನು ಹಗ್ಗ ಸುತ್ತಿದೀನಿ. ಒಳಗಿರೋದು ನಕಲಿ ಆದ್ರೆ, ಯಾರ ಕೈ ಅಂತಾನೂ ಇಲ್ಲೇ ಹೇಳ್ತೀನಿ."

ಯಜಮಾನ ಕುರ್ಚಿಯನ್ನು ತಾನೇ ಎತ್ತಿ ಮೇಜಿನ ಮೇಲೆ ಬೋರಲು ಮಲಗಿಸಿದ. ಬಿಲ್ಲೆಯ ಮೇಲಿನ ಮೂರು ಎಂಬ ಅಂಕಿ ಬಿಸಿಲಿಗೆ ಹೊಳೆಯಿತು. "ಕತ್ತರಿಸಮ್ಮ," ಎಂದು ಹೇಳಿ ಮುಖ ತಿರುಗಿಸಿಕೊಂಡ.

ಅವಳು ಒಂದು ಕ್ಷಣ ಕಣ್ಣು ಮುಚ್ಚಿದಳು. ಪ್ರತಿದಿನ ಮೊದಲ ಗಂಟು ಹಾಕುವ ಮುನ್ನ ಮುಚ್ಚುವಷ್ಟೇ ಹೊತ್ತು. ಈ ಕೈಗಳನ್ನು ಕೊಟ್ಟ ದೇವರನ್ನು ನೆನೆಯಲು ಅಷ್ಟು ಸಾಕು. ಆಮೇಲೆ ಕತ್ತರಿ ಹಾಕಿದಳು.

ಹಗ್ಗದ ಹೊರಮೈ ಹಳದಿಗಟ್ಟಿತ್ತು. ಸುತ್ತು ಬಿಚ್ಚಿದಂತೆಲ್ಲ ಒಳಮೈ ಬೆಳ್ಳಗೆ ಹೊರಬಂತು. ಅವಳು ಆ ತುಂಡನ್ನು ಪರೀಕ್ಷಕನ ಬಿಳಿಗವಸಿನ ಅಂಗೈ ಮೇಲೆ ಇಟ್ಟಳು. ಗವಸಿಗೂ ಹಗ್ಗಕ್ಕೂ ಬಣ್ಣದಲ್ಲಿ ಭೇದವಿರಲಿಲ್ಲ.

"ಎಪ್ಪತ್ತು ವರ್ಷ ಕಬ್ಬಿಣವನ್ನ ತಬ್ಬಿದ ಹಗ್ಗಕ್ಕೆ ತುಕ್ಕಿನ ಕಲೆ ಎಲ್ಲಿ, ಸರ್?"

ಕೊನೆಯ ಸುತ್ತೂ ಕಳಚಿತು. "ಬೆಳಕು," ಎನ್ನುತ್ತ ಅವಳು ಬಗ್ಗಿದಳು. ಅಣ್ಣನ ಟಾರ್ಚು ನಾಲ್ಕು ಕಂಬಿಗಳ ಕೂಡಲಿಗೆ ಬಿತ್ತು. ಅಲ್ಲಿ ತುಕ್ಕಿರಲಿಲ್ಲ. ಬಣ್ಣವೂ ಸೇರದ ಸಂದಿನಲ್ಲಿ ಹೊಸ ಬೆಸುಗೆ ಬೆಳ್ಳಿಯಂತೆ ಮಿಂಚಿತು.

ಪರೀಕ್ಷಕ ಅವಳ ಭುಜದ ಮೇಲಿಂದ ಇಣುಕಿದ. ಬಹಳ ಹೊತ್ತು ಇಣುಕಿದ. "ವಿದ್ಯುತ್ ಬೆಸುಗೆ," ಎಂದ. "ಒಂದೆರಡು ವರ್ಷದ್ದು. ವರದಿ ತಿದ್ದಬೇಕು. ನಾನು ತಪ್ಪಿದೆ, ಒಪ್ಕೋತೀನಿ."

ಯಜಮಾನ ತಿರುಗಿ ನೋಡಲಿಲ್ಲ. "ಪಾರಿವಾಳದ ಗೂಡಿನ ಕೆಳಗಿಂದ ತಂದಿದ್ದು," ಎಂದು ಗೋಡೆಗೆ ಹೇಳಿದ. "ಒಂದು ವರ್ಷದಿಂದ ಬೆಳಿಗ್ಗೆ ಬೆಳಿಗ್ಗೆ ಇದನ್ನ ಮಾತಾಡಿಸ್ತಿದ್ದೆ."

ಗೆದ್ದವಳು ಹೆಣಿಗೆಯವಳು. ಆದರೆ ಅವಳ ಕಿವಿಗೆ ಇದೊಂದೂ ಬೀಳುತ್ತಿರಲಿಲ್ಲ.

ಒಳ್ಳೆಯ ಬೆಸುಗೆ ಮೀನಿನ ಹುರುಪೆಗಳ ಹಾಗೆ ಒಂದರ ಮೇಲೊಂದು ಕೂತು ಸಾಗುತ್ತದೆ. ಮುಗಿಸುವ ತುದಿಯಲ್ಲಿ ಗುಳಿ ಬೀಳಬಾರದೆಂದು ಬಲ್ಲವರು ಸ್ವಲ್ಪ ಹಿಂದಕ್ಕೆ ಬಂದು ನಿಲ್ಲಿಸುತ್ತಾರೆ. ಎರಡು ಹೆಜ್ಜೆ ಹಿಂದೆ ಬಾ ಎಂದು ಅಪ್ಪ ಕಲಿಸಿದ್ದ. ಕಲಿಯುವ ದಿನ ಅಣ್ಣ ಎಣಿಕೆ ತಪ್ಪಿ ಮೂರು ಹೆಜ್ಜೆ ಬಂದ; ಅಪ್ಪ ನಕ್ಕು ಸುಮ್ಮನಾದ; ಆ ತಪ್ಪು ಕೈಗೆ ಕೂತುಬಿಟ್ಟಿತು. ಹದಿನೆಂಟು ವರ್ಷದಿಂದ ಅವಳು ಆ ಮೂರು ಹುರುಪೆಗಳ ಮೇಲೆ ಹಗ್ಗ ಸುತ್ತಿದ್ದಳು. ಹನ್ನೊಂದು ಜನರಲ್ಲಿ ಇನ್ನಾರೂ ಮೂರು ಹೆಜ್ಜೆ ಹಿಂದೆ ಬರುವುದಿಲ್ಲ.

ಅವಳು ಬೆರಳ ತುದಿಯಿಂದ ಎಣಿಸಿದಳು. ಒಂದು. ಎರಡು. ಮೂರು.

ಟಾರ್ಚಿನ ಬೆಳಕು ಅಲುಗಲಿಲ್ಲ. ಹಿಡಿದವನ ಉಸಿರು ಅವಳ ನೆತ್ತಿಗೆ ತಾಗುತ್ತಿತ್ತು.

"ಹೇಳಿ," ಎಂದ ಪರೀಕ್ಷಕ. "ಯಾರ ಕೈ?"

ಅವಳು ನೆಟ್ಟಗಾದಳು. "ಗೊತ್ತಾಯ್ತು. ಹೇಳಲ್ಲ."

"ಹೇಳಲ್ಲ ಅಂದ್ರೆ ಏನರ್ಥ?"

"ಹೇಳಲ್ಲ ಅಂತಾನೇ ಅರ್ಥ. ನನ್ನ ಮೇಲಿದ್ದ ಆರೋಪ ಎರಡು ಕುರ್ಚಿದು. ಎರಡೂ ಅಸಲಿ, ಎರಡೂ ಇಲ್ಲೇ ಇವೆ. ನನ್ನ ಕೆಲಸ ಮುಗೀತು."

"ಈಗ ತಾನೇ ಇಲ್ಲೇ ಹೇಳ್ತೀನಿ ಅಂದ್ರಿ. ನಾಲ್ಕು ಕುರ್ಚಿ ಕಾಣೆಯಾಗಿವೆ, ಮಾಡಿದವನು ಯಾರು ಅಂತ ನಿಮಗೆ ಗೊತ್ತು, ಹೇಳಲ್ಲ ಅಂತೀರಿ." ಅವನು ಸ್ಟೂಲಿನ ಕಡೆ ನೋಡಿದ. "ಹಾಗಾದ್ರೆ ಆ ಕಾಗದ ಹಾಗೇ ಇರ್ಲಿ. ಎರಡು ಅನ್ನೋದನ್ನ ನಾಲ್ಕು ಅಂತ ತಿದ್ದಿದ್ರೆ ಸಾಕು."

"ತಿದ್ದಿ. ಸಹಿ ಹಾಕಲ್ಲ. ಕರೀರಿ ಪೊಲೀಸರನ್ನ, ಅವರ ಮುಂದೇನೂ ಹೇಳಲ್ಲ."

"ಪುಟ್ಟಿ, ಸುಮ್ನಿರು," ಎಂದ ಅಣ್ಣ.

ಅವನು ಟಾರ್ಚು ಆರಿಸಿ ಮೇಜಿನ ಮೇಲಿಟ್ಟ. ಬೆಂಕಿಕಿಡಿ ಹಾರಿ ಚುಕ್ಕೆ ಚುಕ್ಕೆಯಾಗಿ ಸುಟ್ಟಿದ್ದ ಎರಡೂ ಕೈಗಳನ್ನು ಯಜಮಾನನ ಕಡೆಗೆ ಚಾಚಿದ. "ಈ ಕೈ, ಸ್ವಾಮಿ. ನಾಲ್ಕೂ ನಾನೇ ಮಾಡಿದ್ದು."

ಯಜಮಾನ ಗೋಡೆಗೆ ಅಂಗೈ ಊರಿದ.

"ಪ್ರದರ್ಶನದಲ್ಲಿ ಜನ ಮುಟ್ಟಿ ನೋಡೋಕೆ ಪ್ರತಿರೂಪ ಬೇಕು ಅಂದ್ರು. ಅಳತೆಗೆ ಅಂತ ಒಂದೇ ಒಂದು ಕುರ್ಚಿ ತಂದುಕೊಟ್ರು. ತಂಗಿಗೂ ಹೇಳಬೇಡ, ಹಗ್ಗ ಬೇರೆಯವರ ಹತ್ರ ಹೆಣೆಸ್ತೀವಿ ಅಂದ್ರು, ಹೇಳಲಿಲ್ಲ. ಇವತ್ತು ಇವಳು ಬಿಸಿಲಿನ ಮಾತೆತ್ತೋವರೆಗೂ ಅವು ಈ ಅಂಗಳಕ್ಕೆ ಬಂದಿರಬಹುದು ಅಂತ ನನಗೆ ಅನುಮಾನ ಮಾತ್ರ ಇತ್ತು. ಈಗ ಅನುಮಾನ ಇಲ್ಲ." ಅವನು ಕೈಗಳನ್ನು ಇಳಿಸಿದ. "ತಂದುಕೊಟ್ಟೋರು ಇಲ್ಲೇ ಇದಾರೆ. ತಂಗೀನ ಕಳ್ಳಿ ಅಂತ ಕೂರಿಸಿ ಕಾಗದ ಓದಿಸಿದಾಗ್ಲೂ ಬಾಯಿ ಬಿಡದೆ ನಿಂತಿದ್ರು."

ಪರೀಕ್ಷಕ ಕೈಗವಸು ಕಳಚಲು ತೊಡಗಿದ. ಯಜಮಾನ ನಿಧಾನವಾಗಿ ಗೋಡೆಯಿಂದ ಇತ್ತ ತಿರುಗಿದ.

ಬಾಗಿಲ ಕಡೆಯಿಂದ ಕಬ್ಬಿಣದ ಸದ್ದು ಕೇಳಿತು. ದೊಡ್ಡಕ್ಕ ಮನೆಯ ಬಾಗಿಲನ್ನು ಅಂಗಳದ ಕಡೆಯಿಂದ ಮುಚ್ಚಿ, ಅಗುಳಿಯನ್ನು ಕೊನೆಯವರೆಗೆ ತಳ್ಳಿ, ಬೆನ್ನನ್ನು ಅದಕ್ಕೆ ಒರಗಿಸಿ ನಿಂತಿದ್ದಳು. ಆಕೆಯ ಮುಖದಲ್ಲಿ ಭಯವಿರಲಿಲ್ಲ, ನಾಚಿಕೆಯೂ ಇರಲಿಲ್ಲ.

"ನನ್ನ ಹೆಸರೇ ಹೇಳಪ್ಪ, ನಾನು ತಡೆಯಲ್ಲ," ಎಂದಳು. "ಆದ್ರೆ ಆಸ್ಪತ್ರೇಲಿ ಕೊನೇ ಗಳಿಗೇಲಿ ನಿಮ್ಮಪ್ಪ ನನ್ನ ಕೈ ಹಿಡ್ಕೊಂಡು ಏನು ಕೇಳ್ಕೊಂಡ್ರು ಅನ್ನೋದನ್ನ ಮೊದಲು ನಿನ್ನ ತಂಗಿಗೆ ಹೇಳು."

ಅಣ್ಣ ತಂಗಿಯ ಕಡೆ ನೋಡದೆ ಪೆಟ್ಟಿಗೆಯ ಮುಚ್ಚಳ ಮುಚ್ಚಿದ.

"ಅಪ್ಪ ತೀರ್ಕೊಂಡಿದ್ದು ಮನೇಲಿ," ಎಂದಳು ಹೆಣಿಗೆಯವಳು.

ಅದಕ್ಕೆ ಅಣ್ಣನೂ ಹೌದೆನ್ನಲಿಲ್ಲ, ದೊಡ್ಡಕ್ಕನೂ ಹೌದೆನ್ನಲಿಲ್ಲ.